ಕಲೆ ಕತ್ತರಿಸಬೇಡಿ: ಹಳೆಯ ಸೀರೆಯ ಕೌದಿ ಹೀಗೆ ಹೊಲಿಯಿರಿ

ತೀರಿಹೋದ ಅಮ್ಮನ ಸೀರೆಗಳಿಂದ ಹೊಲಿದ ಕೌದಿಯನ್ನು ಬಂಧುವೊಬ್ಬರು ಈಚೆಗೆ ತೋರಿಸಿದರು. ಅರಿಸಿನದ ಕಲೆ, ತೇಪೆ, ಒಲೆಯ ಕಿಡಿಗೆ ಸುಟ್ಟ ತೂತು ಎಲ್ಲವನ್ನೂ ಕತ್ತರಿಸಿ ಎಸೆದು, ಒಂದೇ ಅಳತೆಯ ಚೌಕಗಳನ್ನು ಜೋಡಿಸಿದ್ದರು. ಅಂಗಡಿಯ ಬೆಡ್‌ಶೀಟಿನಷ್ಟೇ ಚೆನ್ನಾಗಿತ್ತು. ಅದರಲ್ಲಿ ಅಮ್ಮನನ್ನು ಹುಡುಕಬೇಕಾಯಿತು.

ತಳಕ್ಕೆ ಹತ್ತಿಯ ಹಳೆಯ ಸೀರೆಯೊಂದು ಸಾಕು. 5.5 ಮೀಟರ್ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಒಬ್ಬರು ಹೊದೆಯುವಂಥ 6 ಅಡಿಯ ಪದರ ಸಿದ್ಧ. ಮೊದಲೇ ಒಗೆದು ಇಸ್ತ್ರಿ ಮಾಡಿಟ್ಟುಕೊಳ್ಳಿ.

ಕೆಲಸ ಕೆಡುವುದು ಮೇಲಿನ ತುಂಡುಗಳನ್ನು ಆರಿಸುವಾಗ. ಕತ್ತರಿ ಹಿಡಿಯುವ ಮೊದಲು ಬಟ್ಟೆಗಳನ್ನೆಲ್ಲ ಹರಡಿ ಮನೆಯವರನ್ನು ಸುತ್ತ ಕೂರಿಸಿ. ಯಾರ ಕೈ ಎಲ್ಲಿ ಹೋಗಿ ನಿಲ್ಲುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನಮ್ಮಲ್ಲಿ ಅದು ಅಪ್ಪನ ಅಂಗಿಯ ಜೇಬು, ಪೆನ್ನು ಸೋರಿದ ಮಸಿಯ ಸಮೇತ. ಜೇಬನ್ನು ಬಿಚ್ಚದೆ, ಬಾಯಿ ತೆರೆದಿರುವಂತೆಯೇ ತಲೆದೆಸೆಗೆ ಹೊಲಿದೆ. ಮೊಮ್ಮಗಳು ಈಗ ಅದರೊಳಗೆ ಕೈ ತೂರಿಸಿಕೊಂಡೇ ಮಲಗುತ್ತಾಳೆ.

ಗುರುತಿನ ಸುತ್ತ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಇಳಕಲ್ ಸೀರೆಯಾದರೆ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸಿದ ಜಾಗಕ್ಕೆ ಕತ್ತರಿ ತಾಗಿಸಬೇಡಿ, ಬಿಟ್ಟುಕೊಳ್ಳುತ್ತದೆ. ತುಂಡನ್ನು ಎರಡು ಹೆಬ್ಬೆರಳುಗಳಿಂದ ಮೆಲ್ಲಗೆ ಎಳೆದು ನೋಡಿ. ಎಳೆ ಸರಿದರೆ ಒಂದಂಗುಲ ದೊಡ್ಡದಾದ ಮಲ್ ಎಂಬ ತೆಳು ಹತ್ತಿ ಬಟ್ಟೆಯನ್ನು ಹಿಂದೆ ಕೊಟ್ಟು ಎರಡನ್ನೂ ಸೇರಿಸಿ ಹೊಲಿಯಿರಿ. ಮಡಿಕೆಯಲ್ಲಿ ಸೀಳಿದ ರೇಷ್ಮೆ ಕಾಲು ಒದೆಯುವ ಕಡೆ ಬೇಡ. ಹೊಲಿಗೆಯ ಬದಲು ಅಂಟು ಹಚ್ಚುವವರೂ ಇದ್ದಾರೆ. ಒಣಗಿದರೆ ಹಪ್ಪಳ, ಸೂಜಿಯೇ ಇಳಿಯುವುದಿಲ್ಲ. ಫೋಟೊ ಮುದ್ರಿಸಿದ ಬಟ್ಟೆಯಂತೂ ಬೇಡವೇ ಬೇಡ. ಅಜ್ಜಿಯ ಮುಖದ ಮೇಲೆ ಕಾಲು ಚಾಚುವುದು ಹೇಗೆ?

ತುಂಡುಗಳನ್ನು ತಳದ ಪದರದ ಮೇಲೆ ಹರಡಿ, ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆಯನ್ನು ನಡುವಿನಿಂದ ಹೊರಕ್ಕೆ ಹಾಕಿ. ಗಟ್ಟಿ ಹೊಲಿಗೆಯನ್ನು ಮಾತ್ರ ಅಂಚಿನಿಂದ ಸುತ್ತುತ್ತಾ ನಡುವಿಗೆ ತನ್ನಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕ್ರಮ ಇದೇ. ಮೂಲೆಗಳಿಗೆ ಅವರು ‘ಫೂಲ್’ ಎಂಬ ತ್ರಿಕೋನದ ಮಡಿಕೆಗಳನ್ನೂ ಇಡುತ್ತಾರೆ. ಸಾಲುಗಳ ನಡುವೆ ಒಂದು ಬೆರಳಿನ ಅಂತರವಿರಲಿ. ಯಂತ್ರದ ಹೊಲಿಗೆ ಬೇಗ ಮುಗಿಯುತ್ತದೆ ನಿಜ, ಕೌದಿ ಹಲಗೆಯಾಗುತ್ತದೆ.

ಮುಗಿದ ಮೇಲೆ ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಿನಲ್ಲಿ ಒಣಗಿಸಿ. ಕಲೆ ತೆಗೆಯುವ ಪುಡಿಯನ್ನು ಮಾತ್ರ ಹತ್ತಿರ ತರಬೇಡಿ.