ಅಂಕ ಏರಿತು, ಮೊಮ್ಮಗಳ ಮಾತು ಮಾತ್ರ ಕೇಳಿಸಲಿಲ್ಲ

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷಿಸಿ ಮಷೀನು ಹೊಂದಿಸುವವಳು. ಕಿವಿ ಮಷೀನು ಹಾಕಿಸಿಕೊಂಡವರ ಮನೆಯವರು ಈಚೆಗೆ ಜಾಸ್ತಿ ಕೇಳುವುದು ಇದನ್ನೇ: "ಮೇಡಂ, ಕೇಳುವ ತರಬೇತಿ ಕೊಡುವ ಈ ಆ್ಯಪ್‌ನಲ್ಲಿ ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಗದ್ದಲದಲ್ಲೂ ಮಾತು ತಿಳಿಯುತ್ತಂತೆ, ದುಡ್ಡು ಕಟ್ಟಲಾ?"

ಕೆಲವು ವರ್ಷದ ಹಿಂದೆ ನಾನೇ ಎಂಟು ಜನರಿಗೆ ಇಂಥ ತರಬೇತಿ ಕೊಟ್ಟಿದ್ದೆ. ಕಾಲ, ಸಾಲ, ತಾಳ ಥರದ ಪದಗಳು, ಹಿಂದೆ ಸಂತೆಯ ಗದ್ದಲ. ನಾಲ್ಕು ವಾರದಲ್ಲಿ ಎಲ್ಲರ ಅಂಕವೂ ಏರಿತು. ಅವರಲ್ಲೊಬ್ಬರು ನಿವೃತ್ತ ಮೇಷ್ಟ್ರು, 25 ಪದಕ್ಕೆ 11 ಸರಿ ಹೇಳುತ್ತಿದ್ದವರು 20ಕ್ಕೆ ಬಂದಿದ್ದರು. ಮನೆಯಲ್ಲಿ ಹೇಗಿದೆ ಸರ್ ಅಂದೆ. "ಮೊಮ್ಮಗಳ ಮಾತು ಮೊದಲಿನ ಹಾಗೇ ಇದೆ. ನಿನ್ನ ಪದಗಳೆಲ್ಲ ಬಾಯಿಪಾಠ ಆಗಿವೆ ಕಣಮ್ಮ" ಅಂದರು. 25 ಹೊಸ ಪದಗಳ ಪಟ್ಟಿ ತೆಗೆದು ಅದೇ ಗದ್ದಲದಲ್ಲಿ ಕೇಳಿಸಿದೆ. ಸರಿಯಾದದ್ದು 12.

ಅವತ್ತಿನಿಂದ ಇಂಥ ತರಬೇತಿಯ ಸಂಶೋಧನಾ ಪೇಪರ್ ಓದುವ ರೀತಿಯೇ ಬದಲಾಯಿತು. ಮೊದಲು ನೋಡುವುದು, ಕಲಿಸಿದ್ದನ್ನೇ ಪರೀಕ್ಷೆಯಲ್ಲಿ ಕೇಳಿದ್ದಾರಾ ಅಂತ. ಅಮೆರಿಕದ ಸಂಶೋಧಕರಾದ ಬರ್ಕ್, ಹ್ಯೂಮ್ಸ್ ಮತ್ತು ಜೊತೆಯವರು 2006ರಲ್ಲೇ ಇದನ್ನು ತೋರಿಸಿದ್ದರು: ಕಲಿತ ಪದಗಳು ಹೊಸ ದನಿಯಲ್ಲಿ ಬಂದರೂ ತಿಳಿಯುತ್ತಿದ್ದವು, ಕಲಿಯದ ಪದಗಳಿಗೆ ಆ ಲಾಭ ಸಿಗಲಿಲ್ಲ. ನನ್ನ ಮೇಷ್ಟ್ರ ಕಥೆಯೇ ಅಲ್ವಾ?

ಆಮೇಲೆ ಹೋಲಿಕೆಯ ಗುಂಪು. ತರಬೇತಿ ಪಡೆದವರನ್ನು ಸುಮ್ನೆ ಕಾದು ಕೂತವರ ಜೊತೆ ಹೋಲಿಸಿದರೆ ಸಾಲದು. ಒಂದು ತಿಂಗಳು ಯಾರೋ ವಿಚಾರಿಸುತ್ತಿದ್ದಾರೆ, ದಿನಾ ಗಮನ ಕೊಟ್ಟು ಕೇಳಬೇಕು ಅನ್ನುವುದರಿಂದಲೇ ಕೆಲವರಿಗೆ ಉಪಯೋಗ ಆಗುತ್ತದೆ, ಅದನ್ನು ಬೇರೆ ಮಾಡಿ ನೋಡಬೇಕು. ಲೇಸ್ ಎಂಬ ಪ್ರಸಿದ್ಧ ತರಬೇತಿಯ ಬಗ್ಗೆ 2006ರಲ್ಲಿ ಬಂದ ಪೇಪರ್ ತುಂಬ ಭರವಸೆ ಕೊಟ್ಟಿತ್ತು. 2016ರಲ್ಲಿ ಸಾಂಡರ್ಸ್ ತಂಡ ಅಮೆರಿಕದ 279 ಮಾಜಿ ಸೈನಿಕರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ, ಎರಡಕ್ಕೆ ಲೇಸ್, ಒಂದಕ್ಕೆ ಆಡಿಯೋ ಪುಸ್ತಕ, ಇನ್ನೊಂದಕ್ಕೆ ಬರೀ ಸಲಹೆ ಕೊಟ್ಟು ನೋಡಿತು. ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಈ ಪೇಪರನ್ನು ನಾನು ಎರಡು ಸಲ ಓದಿದೆ, ಮನಸ್ಸಿಗೆ ಬೇಜಾರಾಯಿತು, ಆದರೆ ನಂಬಿಕೆ ಬಂದದ್ದು ಇದರ ಮೇಲೇ.

ಉಳಿದದ್ದು ಬೇಗ ನೋಡಬಹುದು. ಪರೀಕ್ಷೆ ಮಾಡಿದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿತ್ತಾ? ಅರ್ಧಕ್ಕೆ ಬಿಟ್ಟವರನ್ನು ಲೆಕ್ಕದಿಂದ ತೆಗೆದುಬಿಟ್ಟರಾ? ಆರು ತಿಂಗಳ ನಂತರ ಮತ್ತೆ ಕರೆದು ನೋಡಿದರಾ? ಇಂಗ್ಲೆಂಡಿನ ಹೆನ್‌ಷಾ ಮತ್ತು ಫರ್ಗುಸನ್ 2013ರಲ್ಲಿ ಕಂಪ್ಯೂಟರ್ ತರಬೇತಿಯ 13 ಪೇಪರ್‌ಗಳಿಗೆ ಹೀಗೇ ಅಂಕ ಹಾಕಿದ್ದರು. ಒಂದೂ ಉತ್ತಮ ದರ್ಜೆ ಮುಟ್ಟಲಿಲ್ಲ.

ಇನ್ನೊಂದು ಮಾತು, ಇವು ಹೆಚ್ಚಾಗಿ ಇಂಗ್ಲಿಷ್ ಕೇಳುಗರ ಮೇಲೆ ಮಾಡಿದ್ದು. ನಮ್ಮಲ್ಲಿ ಬಂದನಾ, ಬಂದಳಾ ಅನ್ನುವುದು ಪದದ ಬಾಲದಲ್ಲಿ ಇರುತ್ತದೆ, ಮಾತು ಸಣ್ಣಗಾಗುವುದೂ ಅಲ್ಲೇ. ಕನ್ನಡದ ಕಿವಿಗೆ ಕನ್ನಡದಲ್ಲೇ ಪರೀಕ್ಷೆ ಆಗಬೇಕು.

ಮೊನ್ನೆ ಅಪ್ಪನಿಗೆ ಆ್ಯಪ್ ಕೊಡಿಸಲಾ ಅಂತ ಕೇಳಲು ಒಬ್ಬರ ಮಗ ಬಂದಿದ್ದರು, ಅವರಿಗೆ ಬೇಡ ಅನ್ನಲಿಲ್ಲ. ದುಡ್ಡು ಕಟ್ಟುವ ಮುಂಚೆ ಮಷೀನನ್ನು ಕಂಪ್ಯೂಟರಿಗೆ ಜೋಡಿಸಿ, ಅಪ್ಪ ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳುತ್ತಾರೆ ಅಂತ ತೋರಿಸಿದೆ. ಎರಡು ಗಂಟೆಯೂ ಇರಲಿಲ್ಲ. ಕಿವಿಗೆ ಕೂರುವ ಅಚ್ಚು ಒತ್ತುತ್ತಿತ್ತಂತೆ. ಅದನ್ನು ಅವತ್ತೇ ಉಜ್ಜಿ ಸರಿ ಮಾಡಿ, ಮೂರು ವಾರ ಬಿಟ್ಟು ಬನ್ನಿ ಅಂದಿದ್ದೇನೆ.