ನಾಲ್ಕು ಯೂನಿಟ್ಟಿಗೆ ಸಾವಿರದ ನಾಲ್ಕುನೂರು

2025ರ ಮೇ ತಿಂಗಳ ಕರೆಂಟ್ ಬಿಲ್ಲನ್ನು ಅವ್ವ ನನ್ನ ಕೈಗಿಟ್ಟು, "ಗೃಹಜ್ಯೋತಿ ಬಂದ್ ಮಾಡ್ಯಾರೇನೋ? ಇಷ್ಟ್ ದಿನ ಸೊನ್ನಿ ಬರ್ತಿತ್ತಲ್ಲ" ಅಂದಳು. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಗೆ, ಪುಕ್ಕಟೆ ಕರೆಂಟ್ ಕೊಡುವ ಆ ಯೋಜನೆ ಶುರುವಾದಾಗಿನಿಂದ ಅಷ್ಟು ದೊಡ್ಡ ಮೊತ್ತ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಇನ್ನೂರು ಚಿಲ್ಲರೆ ಬಂದಾಗ ನೋಡದೇ ಕಟ್ಟಿದ್ದೆ. ಈ ಸಲ ಚೀಟಿ ಹಿಡಿದು ಪೆನ್ನು ತಗೊಂಡು ಕೂತೆ.

ಮೊದಲು ಸ್ಲ್ಯಾಬ್ ಲೆಕ್ಕ, ಅಂದರೆ ಬಳಕೆ ಏರಿದಂತೆ ಬೇರೆ ಬೇರೆ ದರದ ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ. ನಮ್ಮ ಓಣಿಯಲ್ಲಿ ಈಗಲೂ ಎಲ್ಲರೂ "ನೂರು ದಾಟಿದ್ರ ರೇಟ್ ಏರ್ತದ" ಅಂತಲೇ ನಂಬಿದ್ದಾರೆ. ಅದು 2024ರ ಮಾರ್ಚ್‌ವರೆಗಿನ ಮಾತು. ಆ ಏಪ್ರಿಲ್‌ನಿಂದ ಕೆಇಆರ್‌ಸಿ (ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ) ಮನೆಗಳ ಸ್ಲ್ಯಾಬ್ ತೆಗೆದು, ಎಲ್ಲ ಯೂನಿಟ್ಟಿಗೂ ಒಂದೇ ದರ ಇಟ್ಟಿತು: 5.90 ರೂಪಾಯಿ. 2025ರ ಏಪ್ರಿಲ್‌ನಿಂದ ಅದು 5.80ಕ್ಕಿಳಿಯಿತು, ಆದರೆ ಎಷ್ಟೇ ಬಳಸಿದರೂ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು. ಅದರ ಜತೆಗೆ ವಿದ್ಯುತ್ ಕಂಪನಿ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ.

ನಮ್ಮ ಮಂಜೂರಾದ ಲೋಡ್ 3 ಕಿಲೋವ್ಯಾಟ್, ಬಳಸಿದ್ದು 204 ಯೂನಿಟ್. ನಿಗದಿತ ಶುಲ್ಕ 435. ಯೂನಿಟ್ಟಿನ ದುಡ್ಡು 1,183.20. ಪಿಂಚಣಿ ಬಾಬ್ತು 73.44. ಯೂನಿಟ್ಟಿನ ದುಡ್ಡಿನ ಮೇಲೆ ಶೇ. 9 ತೆರಿಗೆ, 106.49. ಒಟ್ಟು 1,798. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಅಂತ ಇನ್ನೊಂದು ಸಾಲು ಇರುತ್ತದೆ. ಅದು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಆ ಸಾಲನ್ನು ಚೀಟಿಯಲ್ಲಿದ್ದಂತೆಯೇ ತಗೊಂಡೆ. ಲೆಕ್ಕ ಕೂಡಿತು.

ಆದರೆ ಅವ್ವನ ಪ್ರಶ್ನೆ ಹಾಗೇ ಉಳಿದಿತ್ತು. ಕಬಾಟಿನ ಫೈಲಿನಿಂದ 2022-23ರ ಹನ್ನೆರಡು ಬಿಲ್ಲು ತೆಗೆದು ಕೂಡಿಸಿದೆ: 1,584 ಯೂನಿಟ್, ಅಂದರೆ ತಿಂಗಳಿಗೆ ಸರಾಸರಿ 132. ಗೃಹಜ್ಯೋತಿಯಲ್ಲಿ ಆ ಸರಾಸರಿಗೆ ಶೇ. 10 ಸೇರಿಸಿದಷ್ಟು ಪುಕ್ಕಟೆ. ನಮಗೆ 145, ಇನ್ನೂರಲ್ಲ! 145 ದಾಟಿದರೆ ದಾಟಿದಷ್ಟಕ್ಕೇ ದುಡ್ಡು. ಏಪ್ರಿಲ್‌ನಲ್ಲಿ ಕಟ್ಟಿದ್ದು ಅದೇ. ಇನ್ನೂರನ್ನೇ ದಾಟಿದರೆ ಮಾತ್ರ ರಿಯಾಯಿತಿ ಪೂರ್ತಿ ಹೋಗಿ, ಮೊದಲ ಯೂನಿಟ್ಟಿನಿಂದಲೂ ಬಿಲ್ಲು ಬೀಳುತ್ತದೆ. ಸರಿಯಾಗಿ 200ಕ್ಕೆ ನಿಂತಿದ್ದರೆ ಸುಮಾರು 370 ಕಟ್ಟುತ್ತಿದ್ದೆವು. ಮೇಲಿನ ನಾಲ್ಕೇ ಯೂನಿಟ್ಟು ಸಾವಿರದ ನಾಲ್ಕುನೂರು ರೂಪಾಯಿ ತಿಂದಿದ್ದವು. ಇದು ಗೊತ್ತಾದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ನಾಲ್ಕು ಯೂನಿಟ್ ಅಂದರೆ ಎಷ್ಟು? ನಮ್ಮ ಗೀಸರ್ 2,000 ವ್ಯಾಟಿನದು, ಅರ್ಧ ತಾಸಿಗೆ ಒಂದು ಯೂನಿಟ್. ಕೂಲರ್ 180 ವ್ಯಾಟ್. ಹತ್ತು ತಾಸು ಓಡಿದರೆ 1.8. ಮಗನ ಸೂಟಿ, ಹೊರಗೆ ಸುಡುಬಿಸಿಲು, ಕೂಲರ್ ಹಗಲೂ ರಾತ್ರಿ ನಡೆದಿತ್ತು. ನಾನಂತೂ ಮೊದಲು ಮೋಟರಿನ ಮೇಲೆ ಅನುಮಾನಪಟ್ಟಿದ್ದೆ. ಆದರೆ ನಳ ಬಂದ ದಿನವಷ್ಟೇ ಸಂಪಿನಿಂದ ಟಾಕಿಗೆ ನೀರೇರಿಸುವ ಒಂದು ಎಚ್‌ಪಿ ಮೋಟರ್ ಒಂದು ತಾಸಿಗೆ ಮುಕ್ಕಾಲು ಯೂನಿಟ್ಟಿನ ಸುಮಾರು ತಿನ್ನುತ್ತದೆ. ಕಳ್ಳ ಅದಲ್ಲ.

ಜೂನ್‌ನಿಂದ ಒಂದು ವಹಿ ಇಟ್ಟಿದ್ದೇನೆ. ಬಿಲ್ಲು ಬಂದ ದಿನದ ರೀಡಿಂಗ್ ಬರೆದು, ವಾರಕ್ಕೊಮ್ಮೆ ಮೀಟರ್ ನೋಡುತ್ತೇನೆ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತವೆ, ಹೊಸಬರು ಇಲ್ಲೇ ತಪ್ಪುತ್ತಾರೆ. ಪಕ್ಕದಲ್ಲಿ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಅಂತ ಕಾಣುವ ಅಂಕಿಯನ್ನೇ ಬರೆದುಕೊಳ್ಳಬೇಕು. ಅದರಲ್ಲಿ ಬಿಲ್ಲು ಬಂದ ದಿನದ ರೀಡಿಂಗ್ ಕಳೆದು, ಅಲ್ಲಿಂದ ಆದ ದಿನಗಳ ಸಂಖ್ಯೆಯಿಂದ ಭಾಗಿಸಿ, ಮೂವತ್ತರಿಂದ ಗುಣಿಸುತ್ತೇನೆ. ಹೀಗೆ ಸಿಗುವ ತಿಂಗಳ ಅಂದಾಜು 145ರ ಒಳಗೆ ಬಂದರೆ ನಿಶ್ಚಿಂತೆ. 190 ತೋರಿಸಿದರೆ ಮನೆಯಲ್ಲಿ ಎಲ್ಲರಿಗೂ ಹೇಳುತ್ತೇನೆ.

ಪಕ್ಕದ ಮನೆ ಕಾಕೂನ ಬಿಲ್ಲುಗಳನ್ನೂ ಮೊನ್ನೆ ಕೂಡಿಸಿಕೊಟ್ಟೆ. ಅವರ ಸರಾಸರಿ ಬರೀ 61, ಪುಕ್ಕಟೆ ಸಿಗುವುದು 67. "ಅಯ್ಯ, ನಾ ಇನ್ನೂರು ಅಂತ ತಿಳ್ಕೊಂಡು ದಿನಾ ಗೀಸರ್ ಹಚ್ತಿದ್ದೆ ನೋಡಪಾ" ಅಂದರು. ಈಗ ಅವರ ಗೋಡೆಯ ಕ್ಯಾಲೆಂಡರಿನ ಮೇಲೂ 67 ಅಂತ ದೊಡ್ಡದಾಗಿ ಬರೆದಿದೆ.