ದಾಬಸ್‌ಪೇಟೆಯಿಂದ ದೆಹಲಿಗೆ: ಲಾರಿ ಲೋಡನ್ನ ರೈಲಿಗೆ ಹತ್ತಿಸಿದ ನನ್ನ ಅನುಭವ

ನಾನು ಬೆಂಗಳೂರು ಹತ್ರದ ದಾಬಸ್‌ಪೇಟೆ ಇಂಡಸ್ಟ್ರಿಯಲ್ ಏರಿಯಾದ ಒಂದು ಪಂಪ್‌ಸೆಟ್ ಫ್ಯಾಕ್ಟರಿಲಿ ಡಿಸ್ಪ್ಯಾಚ್ ನೋಡ್ಕೊಳ್ತೀನಿ. ಮೋಟಾರು, ಪಂಪು, ಕಾಸ್ಟಿಂಗು, ಸ್ಪೇರ್ಸು, ಎಲ್ಲಾ ತೂಕದ ಮಾಲು. ಮೊದಲು ದೆಹಲಿ, ಜೈಪುರ ಕಡೆ ಹೋಗೋದೆಲ್ಲ ಲಾರಿಲೇ ಹೋಗ್ತಿತ್ತು, ಈಗ ಅದ್ರಲ್ಲಿ ಮುಕ್ಕಾಲು ಪಾಲು ಕಂಟೈನರ್ (ನಾವು ಡಬ್ಬ ಅಂತೀವಿ) ಸೇರಿ ವೈಟ್‌ಫೀಲ್ಡ್ ಕಂಟೈನರ್ ಡಿಪೋದಿಂದ ರೈಲಲ್ಲಿ ಹೋಗುತ್ತೆ, ಆ ಕಡೆ ಇಳಿದ್ಮೇಲೆ ಮತ್ತೆ ರೋಡಲ್ಲಿ ಡೀಲರ್ ಗೋಡೌನಿಗೆ. ಬೇರೆ ಫ್ಯಾಕ್ಟರಿಯವ್ರು ಫೋನ್ ಮಾಡಿದ್ರೆ ಮೊದಲ್ನೇ ಪ್ರಶ್ನೆ ಒಂದೇ, "ರೈಲ್ ರೇಟ್ ಎಷ್ಟು ಬಿತ್ತು ಸಾರ್?" ನಾನು ಹೇಳೋದು, ಅದನ್ನ ಕೊನೆಗೆ ಕೇಳಿ. ನಿಮ್ಮ ಗೇಟಿಂದ ಡಿಪೋ ತನಕ ಡಬ್ಬ ಹೆಂಗೆ ಹೋಗುತ್ತೆ, ಆ ಕಡೆ ಡಿಪೋದಿಂದ ಗೋಡೌನ್ ಬಾಗಿಲ ತನಕ ಹೆಂಗೆ ಹೋಗುತ್ತೆ, ಇದಕ್ಕೆ ಉತ್ತರ ಇಟ್ಕೊಂಡು ಆಮೇಲೆ ರೈಲಿನವ್ರ ಹತ್ರ ಮಾತಾಡಿ. ನಡುವಿನ ಎರಡು ಸಾವಿರ ಕಿಲೋಮೀಟರ್ ತಲೆನೋವೇ ಅಲ್ಲ, ಎರಡು ತುದಿಯ ನೂರು ನೂರು ಕಿಲೋಮೀಟರೇ ಇಡೀ ಲೆಕ್ಕ ತಿನ್ನೋದು.

ಯಾಕೆ ಬದಲಾಯಿಸಿದ್ವಿ ಅಂದ್ರೆ ಪರಿಸರ ಪ್ರೀತಿ ಅಂತ ಸುಳ್ಳು ಹೇಳಲ್ಲ. ಉತ್ತರದ ಲೈನಿಗೆ ಡ್ರೈವರ್ ಸಿಗೋದೇ ಕಷ್ಟ ಆಗಿತ್ತು. ದೀಪಾವಳಿ, ಛಠ್ ಟೈಮಲ್ಲಿ ಅರ್ಧಕ್ಕರ್ಧ ಡ್ರೈವರ್‌ಗಳು ಊರಿಗೆ ಹೋಗ್ಬಿಡ್ತಾರೆ, ಡಿಸೆಂಬರ್ ಜನವರಿ ಬಂದ್ರೆ ಆ ಕಡೆ ಮಂಜು, ಗಾಡಿ ಎಲ್ಲಿದೆ ಅಂತ ಕೇಳಿದ್ರೆ "ಢಾಬಾದಲ್ಲಿದೆ ಸಾರ್" ಅನ್ನೋ ಉತ್ತರ, ನಾಲ್ಕು ದಿನದಲ್ಲಿ ಮುಟ್ಟಿಸ್ತೀವಿ ಅಂದ ಲಾರಿ ಏಳು ದಿನಕ್ಕೆ ಮುಟ್ಟೋದು, ಡೀಲರ್ ನನ್ನನ್ನ ಬೈಯೋದು. ರೈಲಲ್ಲಿ ಬೇಗ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಮನೆ ಬಾಗಿಲಿಂದ ಬಾಗಿಲಿಗೆ ಅಂದ್ರೆ ನಮಗೆ ಎಂಟು ಹತ್ತು ದಿನ ಹಿಡಿಯುತ್ತೆ. ಆದ್ರೆ ಎಂಟು ಹತ್ತು ಅಂದ್ರೆ ಎಂಟು ಹತ್ತೇ ಇರುತ್ತೆ ಹೆಚ್ಚಿನ ಸಲ. ಡೀಲರ್‌ಗಳಿಗೆ ಬೇಕಾಗಿದ್ದೂ ಅದೇ, ಒಂದು ವಾರದ ಸ್ಟಾಕ್ ಜಾಸ್ತಿ ಇಟ್ಕೊಳ್ಳೋದಕ್ಕೆ ಅವ್ರು ಒಪ್ಪಿದ್ರು, ಬದಲಿಗೆ ಕ್ರೆಡಿಟ್ ಅಷ್ಟು ದಿನ ಮುಂದಕ್ಕೆ ಹಾಕಿಸ್ಕೊಂಡ್ರು. ಆ ಬಡ್ಡಿ ಖರ್ಚು ಸಾಗಾಟದ ಖರ್ಚಿಗೇ ಸೇರಿಸ್ಬೇಕು, ಅಕೌಂಟ್ಸ್‌ನವ್ರು ಬೇರೆ ಹೆಡ್ಡಲ್ಲಿ ತೋರಿಸಿದ್ರೆ ನಿಮಗೆ ರೈಲು ಇರೋದಕ್ಕಿಂತ ಚೀಪ್ ಕಾಣುತ್ತೆ.

ಯಾವ ಊರಿಗೆ ರೈಲು, ಯಾವ ಊರಿಗೆ ಲಾರಿ ಅನ್ನೋದು ದೂರದ ಮೇಲೆ. ಚೆನ್ನೈ 350 ಕಿಲೋಮೀಟರ್, ಹೈದರಾಬಾದ್ 570, ಇಲ್ಲಿಗೆಲ್ಲ ನಮ್ಮಂಥ ಲೋಕಲ್ ಮಾಲಿಗೆ ರೈಲು ವರ್ಕ್ ಆಗಲ್ಲ, ಡಬ್ಬ ಎರಡು ಸಲ ಎತ್ತಿ ಇಳಿಸೋ ಖರ್ಚಲ್ಲೇ ಉಳಿತಾಯ ಹೋಗ್ಬಿಡುತ್ತೆ. ಎಕ್ಸ್‌ಪೋರ್ಟ್‌ನವ್ರ ಕಥೆ ಬೇರೆ, ಅವ್ರಿಗೆ ಕಸ್ಟಮ್ಸ್ ಇಲ್ಲೇ ಮುಗಿಯುತ್ತೆ. ಅಂದಹಾಗೆ ದೇಶದ ಮೊದಲ ಇನ್‌ಲ್ಯಾಂಡ್ ಕಂಟೈನರ್ ಡಿಪೋ (ಬಂದರಿಂದ ದೂರ ಒಳನಾಡಲ್ಲಿರೋ ಡಿಪೋ) ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 1981ರಲ್ಲಿ, ರೈಲ್ವೆಯ ಸರ್ಕಾರಿ ಕಂಟೈನರ್ ಕಂಪನಿ ಕಾನ್‌ಕಾರ್ ಹುಟ್ಟೋಕೆ ಏಳು ವರ್ಷ ಮೊದಲೇ. 2006ರಲ್ಲಿ ಪ್ರೈವೇಟ್ ಆಪರೇಟರ್‌ಗಳಿಗೂ ಕಂಟೈನರ್ ಟ್ರೇನ್ ಓಡಿಸೋಕೆ ಬಿಟ್ಟ ಮೇಲೆ ನಮ್ಮಂಥವ್ರಿಗೆ ನಾಲ್ಕು ಕಡೆ ರೇಟ್ ಕೇಳೋ ಚಾನ್ಸ್ ಸಿಕ್ತು. ನನ್ನ ಪ್ರಕಾರ ಸಾವಿರ ಕಿಲೋಮೀಟರ್ ಒಳಗಿದ್ರೆ ರೈಲಿನ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಈಗ ನಮ್ಮ ತುದಿಯ ಕಥೆ. ದಾಬಸ್‌ಪೇಟೆ ಇರೋದು ತುಮಕೂರು ರೋಡಲ್ಲಿ, ವೈಟ್‌ಫೀಲ್ಡ್ ಊರಿನ ಆ ಕಡೆ ತುದಿ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಅಂತ ಹೋದ್ರೆ ಹಗಲು ಹೊತ್ತು ದೊಡ್ಡ ಗಾಡಿಗೆ ಸಿಟಿ ಒಳಗೆ ಎಂಟ್ರಿ ಇಲ್ಲ, ರಾತ್ರಿ ಕಾಯ್ಬೇಕು, ರಾತ್ರಿ ಹೋದ ಟ್ರೇಲರ್ ಬೆಳಗ್ಗೆ ಡಿಪೋ ಗೇಟಲ್ಲಿ ಕ್ಯೂ ನಿಂತು ವಾಪಸ್ ಬರೋಕೆ ಮತ್ತೆ ರಾತ್ರಿ ಆಗ್ಬೇಕು, ಅಲ್ಲಿಗೆ ಒಂದು ಟ್ರಿಪ್ಪಿಗೆ ಪೂರ್ತಿ ಒಂದು ದಿನ ಹೋಯ್ತು. ಇದನ್ನ ಬದಲಾಯಿಸಿದ್ದು ಸ್ಯಾಟಲೈಟ್ ರಿಂಗ್ ರೋಡು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ಮೇಲೆ ಹೊಸಕೋಟೆಗೆ ರೋಡ್ ಆದ್ಮೇಲೆ ಕಿಲೋಮೀಟರ್ ಸ್ವಲ್ಪ ಜಾಸ್ತಿ ಆದ್ರೂ ಟೋಲ್ ಕಟ್ಟಿದ್ರೂ ಊರೊಳಗೆ ಕಾಲಿಡೋ ಕೆಲಸವೇ ತಪ್ಪಿತು. ಹೊಸಕೋಟೆಯಿಂದ ಕಾಡುಗೋಡಿ ಕಡೆಗೆ ಬರೋ ಕೊನೆ ಪೀಸ್ ಇದೆಯಲ್ಲ, ಅದು ಮಾತ್ರ ಈಗ್ಲೂ ಹಿಂಸೆ, ಬೆಳಗ್ಗೆ ಸ್ಕೂಲ್ ಬಸ್ಸು ಐಟಿಯವ್ರ ಕ್ಯಾಬು ಮಧ್ಯೆ ಟ್ರೇಲರ್ ಸಿಕ್ಕಾಕ್ಕೊಂಡ್ರೆ ಮುಗೀತು ಕಥೆ, ಅದಕ್ಕೆ ನಮ್ಮ ಗಾಡಿ ಬೆಳಗಿನ ಜಾವಕ್ಕೇ ಡಿಪೋ ಮುಟ್ಟೋ ಹಂಗೆ ಬಿಡ್ತೀವಿ.

ಫಸ್ಟ್ ಮೈಲ್, ಅಂದ್ರೆ ಫ್ಯಾಕ್ಟರಿಯಿಂದ ಡಿಪೋ ತನಕದ ಸಾಗಾಟ, ಮಾಡೋರು ಯಾರು ಅನ್ನೋದು ಇನ್ನೊಂದು. ರೈಲ್ ಆಪರೇಟರ್‌ಗಳೇ ಟ್ರೇಲರ್ ಸೇರಿಸಿ ಪ್ಯಾಕೇಜ್ ಕೊಡ್ತಾರೆ. ನಾನು ತಗೊಳ್ಳಲಿಲ್ಲ. ನಮ್ಗೆ ವರ್ಷಗಟ್ಲೆಯಿಂದ ದೆಹಲಿ ಲೋಡ್ ಹೊಡೀತಿದ್ದ ಟ್ರಾನ್ಸ್‌ಪೋರ್ಟ್ ಯಜಮಾನ್ರು ಇದ್ದಾರೆ, ರೈಲಿನ ಮಾತು ಕೇಳಿ ಮುಖ ಸಣ್ಣಗೆ ಮಾಡ್ಕೊಂಡು ಬಂದ್ರು, "ಏನ್ ಸ್ವಾಮಿ, ನಮ್ ಹೊಟ್ಟೆ ಮೇಲೆ ಹೊಡೀತೀರಾ" ಅಂತ. ಕೂರಿಸಿ ಲೆಕ್ಕ ತೋರಿಸ್ದೆ. ದೆಹಲಿಗೆ ಹೋದ ಗಾಡಿ ರಿಟರ್ನ್ ಲೋಡ್ ಸಿಗದೆ ಅಲ್ಲಿ ನಿಂತಿರೋ ದಿನಗಳು, ಟೈರು, ದಾರಿ ಖರ್ಚು, ಡ್ರೈವರ್ ಬಿಟ್ಟು ಹೋಗೋದು, ಇದೆಲ್ಲ ಕಳೆದ್ರೆ ಕೈಗೆ ಬರೋದು ಎಷ್ಟು ಅಂತ ಅವ್ರಿಗೇ ಗೊತ್ತಿತ್ತು, ಬಾಯಲ್ಲಿ ಹೇಳ್ತಿರಲಿಲ್ಲ ಅಷ್ಟೆ. ಅವ್ರು ಎರಡು ಹಳೇ ಗಾಡಿ ಕೊಟ್ಟು ಕಂಟೈನರ್ ಕೂರಿಸೋಕೆ ಅಂತ್ಲೇ ಇರೋ ಬರೀ ಚೌಕಟ್ಟಿನ ಸ್ಕೆಲಿಟಲ್ ಟ್ರೇಲರ್ ತಗೊಂಡ್ರು. ಈಗ ಡ್ರೈವರ್ ದಿನಾ ಮನೆಗೆ ಹೋಗಿ ಮಲಗ್ತಾನೆ, ಅದೇ ಕಾರಣಕ್ಕೆ ಆ ಸೀಟಿಗೆ ಗುಬ್ಬಿ, ಶಿರಾ ಕಡೆ ಹುಡುಗ್ರು ಕೇಳ್ಕೊಂಡು ಬರ್ತಾರೆ.

ಲೋಡಿಂಗ್ ವಿಷಯ ಯಾರೂ ಮೊದಲೇ ಹೇಳಲ್ಲ. ಓಪನ್ ಬಾಡಿ ಲಾರಿ ಆದ್ರೆ ಮೇಲಿಂದ ಹಾಯ್ಸ್ಟಲ್ಲಿ ಕ್ರೇಟ್ ಇಳಿಸಿ ಟಾರ್ಪಾಲ್ ಕಟ್ಟಿದ್ರೆ ಆಯ್ತು. ಕಂಟೈನರ್‌ಗೆ ಇರೋದು ಹಿಂದಿನ ಬಾಗಿಲು ಒಂದೇ, ಅದೂ ಟ್ರೇಲರ್ ಮೇಲಿದ್ದಾಗ ಎದೆ ಎತ್ತರಕ್ಕೆ. ಡಾಕ್ (ಗಾಡಿ ಮಟ್ಟಕ್ಕಿರೋ ಲೋಡಿಂಗ್ ಕಟ್ಟೆ) ಇಲ್ಲದ ಫ್ಯಾಕ್ಟರಿ ನಮ್ದು, ಹಂಗಾಗಿ ಮೊದಲು ಮಾಡಿದ ಖರ್ಚು ಒಂದು ಕಬ್ಬಿಣದ ಮೊಬೈಲ್ ರ‍್ಯಾಂಪು, ಅದರ ಮೇಲೆ ಸಣ್ಣ ಫೋರ್ಕ್‌ಲಿಫ್ಟ್ ಒಳಗೆ ಹೋಗಿ ಬರುತ್ತೆ. ಕ್ರೇಟ್ ಸೈಜೂ ಬದಲಾಯಿಸಿದ್ವಿ, 20 ಅಡಿ ಡಬ್ಬದ ಒಳಗಲ ಸುಮಾರು 2.35 ಮೀಟರ್, ಹಳೇ ಕ್ರೇಟ್ ಎರಡು ಇಟ್ರೆ ಮಧ್ಯೆ ಒಂದು ಅಡಿಗಿಂತ ಜಾಸ್ತಿ ಜಾಗ ವೇಸ್ಟ್ ಆಗ್ತಿತ್ತು, ಆ ಗ್ಯಾಪೇ ಅಪಾಯ. ಲಾರಿಲಿ ಮಾಲಿಗೆ ಪೆಟ್ಟು ಬೀಳೋದು ಗುಂಡಿ ಹಂಪಲ್ಲಿ, ಮೇಲೆ ಕೆಳಗೆ. ರೈಲಲ್ಲಿ ವ್ಯಾಗನ್ ಜೋಡಿಸಿ ಬಿಡಿಸೋ ಶಂಟಿಂಗ್ ಮಾಡುವಾಗ ಹಿಂದೆ ಮುಂದೆ ಜರ್ಕ್ ಹೊಡೆಯುತ್ತೆ, ರಷ್ ಬಸ್ಸಲ್ಲಿ ಸಡನ್ ಬ್ರೇಕ್ ಹಾಕಿದಂಗೆ ಎಲ್ಲಾ ಮುಂದಕ್ಕೆ ಬಂದು ಬೀಳುತ್ತೆ. ಅದಕ್ಕೆ ಮುಂದಿನ ಗೋಡೆಗೆ ಅಂಟಿಸಿಯೇ ಶುರು ಮಾಡ್ಬೇಕು, ನಡುವಿನ ಗ್ಯಾಪಿಗೆ ಮರದ ಪಟ್ಟಿ ಹೊಡೀಬೇಕು ಇಲ್ಲ ಗಾಳಿ ಚೀಲ ಊದಿ ಇಡ್ಬೇಕು, ತೂಕ ಒಂದೇ ಕಡೆ ಬೀಳದ ಹಂಗೆ ಎಡ ಬಲ ನೋಡ್ಬೇಕು, ಕೊನೆಗೆ ಬಾಗಿಲ ಹತ್ರ ಅಡ್ಡ ದಿಮ್ಮಿ. ನಮ್ಮ ಹಮಾಲಿಗಳಿಗೆ ಇದನ್ನ ಹೇಳಿಕೊಡೋಕೆ ಪೇಪರ್ ಮೇಲಿನ ಡ್ರಾಯಿಂಗ್ ಉಪಯೋಗಕ್ಕೆ ಬರಲಿಲ್ಲ, ಶೆಡ್ ನೆಲದ ಮೇಲೆ ಡಬ್ಬದ ಅಳತೆಗೆ ಹಳದಿ ಪೇಂಟ್ ಗೆರೆ ಹೊಡೆಸಿ ಮೊದಲು ಅಲ್ಲಿ ಜೋಡಿಸಿ ತೋರಿಸಿದ ಮೇಲೆ ಅವ್ರೇ ನನಗಿಂತ ಚೆನ್ನಾಗಿ ಮಾಡ್ತಾರೆ. ತೂಕದ ಸ್ಲ್ಯಾಬ್ ಇರುತ್ತೆ ರೈಲ್ ಚಾರ್ಜಲ್ಲಿ, ಒಂದಿಷ್ಟು ಕೆಜಿ ಮೇಲೆ ಹೋದ್ರೂ ಮುಂದಿನ ಸ್ಲ್ಯಾಬ್ ರೇಟು, ಅದಕ್ಕೆ ನಾವು ವೇಬ್ರಿಡ್ಜ್ ಚೀಟಿ ನೋಡ್ದೆ ಸೀಲ್ ಹಾಕಲ್ಲ.

ಇ-ವೇ ಬಿಲ್ (ಜಿಎಸ್‌ಟಿಲಿ ಮಾಲು ಸಾಗಿಸೋಕೆ ಆನ್‌ಲೈನಲ್ಲಿ ತೆಗೆಯೋ ಚೀಟಿ) ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಹೊಸಬ್ರು ಇಲ್ಲೇ ಗೊಂದಲ ಆಗೋದು. ರೋಡ್ ಲೆಕ್ಕದಲ್ಲಿ ದೆಹಲಿ 2,150 ಕಿಲೋಮೀಟರ್ ಹತ್ರ, 200 ಕಿಲೋಮೀಟರಿಗೆ ಒಂದು ದಿನ ಅಂದ್ರೆ 11 ದಿನ ವ್ಯಾಲಿಡಿಟಿ ಸಿಗುತ್ತೆ. ಸಾಕಲ್ವಾ ಅನ್ಸುತ್ತೆ, ಆದ್ರೆ ಆ ಗಡಿಯಾರ ಶುರುವಾಗೋದು ಟ್ರೇಲರ್ ನಂಬರ್ ಹಾಕಿ ಪಾರ್ಟ್ ಬಿ, ಅಂದ್ರೆ ಬಿಲ್ಲಿನ ಗಾಡಿ ವಿವರದ ಭಾಗ, ತುಂಬಿದ ಕ್ಷಣದಿಂದ, ರೈಲು ಹೊರಟಾಗಿಂದ ಅಲ್ಲ. ಒಂದು ರೇಕ್ ಅಂದ್ರೆ 45 ವ್ಯಾಗನ್, 20 ಅಡಿಯದ್ದಾದ್ರೆ 90 ಡಬ್ಬ, ಅಷ್ಟು ತುಂಬೋ ತನಕ ಆಪರೇಟರ್ ಕಾಯ್ತಾನೆ, ನಿಮ್ಮ ಬಿಲ್ಲಿನ ದಿನ ಡಿಪೋದಲ್ಲೇ ಕರಗುತ್ತೆ. ರಾಜ್ಯದೊಳಗೆ ಟ್ರಾನ್ಸ್‌ಪೋರ್ಟರ್ ಜಾಗದ ತನಕ 50 ಕಿಲೋಮೀಟರ್ ಒಳಗಿದ್ರೆ ಪಾರ್ಟ್ ಬಿ ತುಂಬದೆ ಕಳಿಸ್ಬಹುದು, ಪೀಣ್ಯದವ್ರಿಗೆ ಆ ಅನುಕೂಲ ಇದೆ, ನಮ್ಗಿಲ್ಲ. ಹಂಗಾಗಿ ರೇಕ್ ಯಾವತ್ತು ಅಂತ ಆಪರೇಟರ್ ಕಡೆಯಿಂದ ಖಾತ್ರಿ ಮೆಸೇಜ್ ಬರೋ ತನಕ ನಮ್ಮ ಡಬ್ಬ ಗೇಟ್ ದಾಟಲ್ಲ. ರೈಲು ಹತ್ತಿದಾಗ ಒಂದು ಸಲ ಪಾರ್ಟ್ ಬಿ ಅಪ್‌ಡೇಟು, ಆ ಕಡೆ ಇಳಿದು ಗಾಡಿ ಮೇಲೆ ಕೂತಾಗ ಇನ್ನೊಂದು ಸಲ. ಟೈಮ್ ಮುಗಿಯೋ ಹಂಗಾದ್ರೆ ಮುಗಿಯೋಕೆ ಮುಂಚೆ 8 ಗಂಟೆ, ಮುಗಿದ ಮೇಲೆ 8 ಗಂಟೆ, ಇಷ್ಟರೊಳಗೆ ಎಕ್ಸ್‌ಟೆಂಡ್ ಮಾಡ್ಬೇಕು, ಈ ಕೆಲಸಕ್ಕೆ ಆಫೀಸಲ್ಲಿ ಒಬ್ಬ ಹುಡುಗಿಗೆ ಪೂರ್ತಿ ಜವಾಬ್ದಾರಿ ಕೊಟ್ಟಿದ್ದೀವಿ, ಭಾನುವಾರವೂ ಅವಳ ಫೋನಲ್ಲಿ ರಿಮೈಂಡರ್ ಹೊಡ್ಕೊಳ್ಳುತ್ತೆ ಪಾಪ. ಇನ್ಶೂರೆನ್ಸ್ ಪಾಲಿಸಿಲಿ ರೋಡ್ ಜೊತೆ ರೈಲೂ, ಡಿಪೋದಲ್ಲಿ ನಿಂತಿರೋ ದಿನಗಳೂ ಕವರ್ ಆಗುತ್ತಾ ಅಂತ ಬರಹದಲ್ಲಿ ಕೇಳಿ ತಗೊಳ್ಳಿ.

ಆ ಕಡೆ ತುದಿ ಇನ್ನೂ ಕಷ್ಟ. ದೆಹಲಿಯ ಹಳೇ ಡೀಲರ್‌ಗಳ ಗೋಡೌನ್ ಇರೋ ಗಲ್ಲಿಗೆ ಟ್ರೇಲರ್ ಹೋಗೋದಿರ್ಲಿ, ದೊಡ್ಡ ಲಾರಿನೇ ತಿರುಗಲ್ಲ. ಅಂಥವ್ರಿಗೆ ಡಿಪೋದಲ್ಲೇ ಡಬ್ಬ ಖಾಲಿ ಮಾಡಿ ಸಣ್ಣ ಗಾಡಿಗೆ ಹಾಕಿಸ್ತೀವಿ, ಒಂದು ಕೈ ಜಾಸ್ತಿ ಆಗುತ್ತೆ, ಡ್ಯಾಮೇಜ್ ಆಗೋದೂ ಅಲ್ಲೇ. ಫ್ರೀ ಟೈಮ್ ದಾಟಿದ್ರೆ ಡಿಪೋದಲ್ಲಿ ಡಬ್ಬ ನಿಂತಿದ್ದಕ್ಕೆ ಗ್ರೌಂಡ್ ರೆಂಟ್ ಮೀಟರ್ ಓಡುತ್ತೆ, ಡೀಲರ್ "ನಾಳೆ ಕಳ್ಸಿ ಭಾಯಿಸಾಬ್" ಅಂತ ಆರಾಮಾಗಿ ಹೇಳ್ತಾನೆ. ಈಗ ಆರ್ಡರ್ ಫಾರ್ಮಲ್ಲೇ ಬರೆಸಿದ್ದೀವಿ, ಎರಡನೇ ದಿನದಿಂದ ರೆಂಟ್ ಡೀಲರ್ ಖಾತೆಗೆ. ಆಮೇಲೆ ಗೋಡೌನ್ ಕೀ ಬೇಗ ಸಿಗೋಕೆ ಶುರುವಾಯ್ತು ನೋಡಿ.

ಲಾರಿಯನ್ನೇ ರೈಲ್ ಮೇಲೆ ಹತ್ತಿಸೋ ರೋರೋನೂ ವಿಚಾರ ಮಾಡಿದ್ದೆ. ಕೊಂಕಣ ರೈಲ್ವೆ 1999ರಿಂದ ಮಾಡ್ತಿದೆ, ಕರಾವಳಿ ಕಡೆಯವ್ರಿಗೆ ಸುರತ್ಕಲ್ ಚೆನ್ನಾಗಿ ಗೊತ್ತು, ನಮ್ಮ ಕಡೆಯೂ 2020ರ ಆಗಸ್ಟಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಹತ್ರದ ಬಾಳೆಗೆ 682 ಕಿಲೋಮೀಟರ್ ಶುರು ಮಾಡಿದ್ರು, ಒಂದು ಸಲಕ್ಕೆ 42 ಲಾರಿ. ಡ್ರೈವರ್‌ಗೆ ರೆಸ್ಟು, ಡೀಸೆಲ್ ಉಳೀತು, ಲೋಡ್ ಇಳಿಸಿ ಹತ್ತಿಸೋ ಕೆಲಸ ಇಲ್ಲ, ಎಲ್ಲಾ ಸರಿ. ಆದ್ರೆ ಮಾಲಿನ ಜೊತೆ ಲಾರಿ ತೂಕವನ್ನೂ ರೈಲಲ್ಲಿ ಹೊತ್ಕೊಂಡು ಹೋಗೋದು, ಡ್ರೈವರೂ ಗಾಡಿಯೂ ಅಷ್ಟು ದಿನ ಲಾಕ್. ಘಾಟಿ ಇರೋ ದಾರಿಗೆ ಅದು ಸರಿ, ನಮ್ಮ ತೂಕದ ಮಾಲಿಗೆ, ದೆಹಲಿ ದೂರಕ್ಕೆ ಡಬ್ಬವೇ ಸರಿ ಅಂತ ನನ್ನ ಅಭಿಪ್ರಾಯ.

ಇತ್ತೀಚೆಗೆ ದೊಡ್ಡ ಕಸ್ಟಮರ್‌ಗಳು ಕಾರ್ಬನ್ ಲೆಕ್ಕ ಕೇಳ್ತಾರೆ. ಲೋಡ್ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಅಂತ ಹಿಡಿದ್ರೆ ದೆಹಲಿಗೆ 540 ಲೀಟರ್ ಹತ್ರ, ಒಂದು ಲೀಟರ್ ಡೀಸೆಲ್ ಸುಟ್ರೆ 2.7 ಕೆಜಿ ಹತ್ರ ಕಾರ್ಬನ್ ಡೈಆಕ್ಸೈಡ್, ಅಂದ್ರೆ ಹೋಗೋದಕ್ಕೇ ಒಂದೂವರೆ ಟನ್ ಹತ್ತತ್ರ. ರೈಲಿಗೆ ಬಂದು ಇದರಲ್ಲಿ ಉಳಿಸ್ತೀವಿ ಅನ್ನೋ ಸಾಲು ಬರೆದು ಕೊಟ್ಟಾಗ ಅವ್ರು ಟ್ರಾನ್ಸಿಟ್ ದಿನದ ಬಗ್ಗೆ ಗಲಾಟೆ ಮಾಡೋದು ಕಮ್ಮಿ ಆಯ್ತು, ಇದು ಮಾರ್ಕೆಟಿಂಗ್‌ನವ್ರಿಗೂ ಗೊತ್ತಿರದ ಗುಟ್ಟು.

ಅರ್ಜೆಂಟ್ ಸ್ಪೇರ್ಸ್ ಈಗ್ಲೂ ಲಾರಿಲೇ, ಅದನ್ನ ರೈಲಿಗೆ ತಳ್ಳೋ ಯೋಚನೆ ಇಲ್ಲ. ನಮ್ಮ ಪಕ್ಕದಲ್ಲೇ ಮುದ್ದಲಿಂಗನಹಳ್ಳಿಲಿ 400 ಎಕರೆ ಲಾಜಿಸ್ಟಿಕ್ಸ್ ಪಾರ್ಕ್ ಬರುತ್ತೆ ಅಂತ ಎಲ್ರೂ ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ, ನಾನೂ ಕಾಯ್ತಿದ್ದೀನಿ, ಆದ್ರೆ ಅಲ್ಲಿಂದ ವಾರಕ್ಕೆ ಎಷ್ಟು ಟ್ರೇನ್ ಹೊರಡುತ್ತೆ ಅಂತ ಗೊತ್ತಾಗೋ ತನಕ ವೈಟ್‌ಫೀಲ್ಡ್ ಬಿಡಲ್ಲ. ಈಗ ಗುವಾಹಟಿ ಲೈನ್ ನೋಡ್ತಿದ್ದೀನಿ. ಮೂರು ಆಪರೇಟರ್‌ಗಳು ಆಗ್ಲೇ ರೇಟ್ ಕಳ್ಸಿದ್ದಾರೆ, ಇನ್ನೂ ತೆಗೆದು ನೋಡಿಲ್ಲ, ಮೊದಲು ಅಲ್ಲಿನ ಡೀಲರ್‌ಗೆ ಗೋಡೌನ್ ಮುಂದಿನ ರೋಡಿನ ವಿಡಿಯೋ ಮಾಡಿ ಕಳ್ಸಪ್ಪಾ, ಮೇಲೆ ಕರೆಂಟ್ ವೈರ್ ಎಷ್ಟು ಎತ್ತರದಲ್ಲಿದೆ ಅಂತ್ಲೂ ತೋರಿಸು ಅಂತ ಹೇಳಿದ್ದೀನಿ.